ಎರಡು ದಿನ ಬರುವ ಫೋನು, ಇಳಿಜಾರು ಬೇಡುವ ಟ್ರ್ಯಾಕ್ಟರು

ಸರಸಂಬಾದ ಗುರುಶಾಂತ ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ಇಳಿಜಾರನ್ನು. ಉಳಿದವರು ಚಹಾದಂಗಡಿ ಎಲ್ಲಿದೆ, ನೆರಳು ಎಲ್ಲಿದೆ ಎಂದು ನೋಡಿದರೆ, ಇವನು ಕತ್ತು ಓರೆ ಮಾಡಿ ನೆಲ ಯಾವ ಕಡೆ ವಾಲಿದೆ ಎಂದು ನೋಡುತ್ತಾನೆ. ಎಲ್ಲ ಅವನ ಟ್ರ್ಯಾಕ್ಟರಿನ ಕೃಪೆ. ಅದಕ್ಕೆ ಬ್ಯಾಟರಿ ಇಲ್ಲವೆಂದಲ್ಲ, ಇದೆ, ಆದರೆ ಹೆಸರಿಗೆ. ಕೀಲಿ ತಿರುವಿದರೆ ಒಮ್ಮೆ 'ಟಿಕ್' ಎಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ಹಾಕಿಸಿದ, ಅದನ್ನೂ ನುಂಗಿ ನೀರು ಕುಡಿಯಿತು. ಆಳಂದದ ಮಿಸ್ತ್ರಿಗಳು ಒಬ್ಬರಾದ ಮೇಲೆ ಒಬ್ಬರು ಬಾನೆಟ್ಟಿನೊಳಗೆ ತಲೆ ತೂರಿಸಿ, ತಲೆ ಕೆರೆದುಕೊಂಡು, ಚಹಾ ಕುಡಿದು ಹೋದರು. ಕಡೆಗೆ ಗುರುಶಾಂತ ತಾನೇ ಒಂದು ದಾರಿ ಕಂಡುಕೊಂಡ. ಇಳಿಜಾರಿನಲ್ಲಿ ನಿಲ್ಲಿಸುವುದು, ಚಕ್ರಕ್ಕೆ ಕಲ್ಲು ಕೊಡುವುದು, ಹೊರಡುವಾಗ ಕಲ್ಲು ತೆಗೆದು, ಉರುಳಲು ಬಿಟ್ಟು, ಗೇರಿಗೆ ಹಾಕುವುದು. ಢಬ್ ಢಬ್ ಢಬ್ ಎಂದು ಶುರುವಾಯಿತೋ, ಆಮೇಲೆ ಅವನೇ ರಾಜ.

ಮದುವೆ ಮನೆಯ ಊಟಕ್ಕೂ ಅವನು ಎಲ್ಲರಿಗಿಂತ ಮೊದಲು ಹೋಗುತ್ತಾನೆ. ಇಳಿಜಾರಿನ ಜಾಗವನ್ನು ಬೇರೆ ಯಾರಾದರೂ ಹಿಡಿದಾರೆಂಬ ಭಯ. ಸುತ್ತಲಿನ ಊರುಗಳಲ್ಲಿ ಮಾತ್ರ "ಗುರುಶಾಂತ ಭಾಳ ಶಿಸ್ತಿನ ಮನಷ್ಯಾ, ಹೇಳಿದ ಹೊತ್ತಿಗಿಂತ ಮೊದಲೇ ಬರ್ತಾನ" ಎಂದು ಹೆಸರಾಗಿದೆ. ಬಂದ ಹೆಸರನ್ನು ಬೇಡ ಎನ್ನಲು ಅವನಿಗೇನು ಹುಚ್ಚೇ? ಮೀಸೆ ಸವರಿಕೊಂಡು ಸುಮ್ಮನಿರುತ್ತಾನೆ.

ಈ ಶಿಸ್ತಿನ ಮನುಷ್ಯನಿಗೆ ಹೆಣ್ಣು ನೋಡುವ ಕೆಲಸ ಶುರುವಾಯಿತು. ಹವಳಗಾದ ದತ್ತಪ್ಪ ಎಂಬವರು ತಮ್ಮ ಅಕ್ಕನ ಮಗಳ ಸಂಬಂಧ ತಂದರು. ಹುಡುಗಿ ಜೇವರ್ಗಿಯ ಭಾಗ್ಯಜ್ಯೋತಿ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಕರೆಂಟಿನ ಹೊಲಿಗೆ ಮಷಿನ್ನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಾಳೆ. ದತ್ತಪ್ಪನವರ ಬಾಯಿ ಎಂದರೆ ಬಾಯಿ. ಹೆಣ್ಣು ನೋಡಲು ಹೋದ ದಿನ ಜೇವರ್ಗಿಯಲ್ಲಿ ಕುಳಿತು ಅವರು ಗುರುಶಾಂತನನ್ನು ಹೊಗಳಿದ್ದು ಕೇಳಿ ಗುರುಶಾಂತನಿಗೇ ತಾನು ಯಾರೆಂಬ ಅನುಮಾನ ಬಂದಿತು. "ಸ್ವಂತ ಟ್ರ್ಯಾಕ್ಟರ್, ಫಸ್ಟ್ ಕ್ಲಾಸ್ ಕಂಡೀಷನ್! ಹುಡುಗ ಪಿಯುಸಿ ಪಾಸು! ಸಿಟ್ಟಂದ್ರ ಏನಂತ ಗೊತ್ತಿಲ್ಲ!" ಎಂದು ಅವರು ಬೆರಳು ಮಡಚುತ್ತ ಹೋದರೆ, ಗುರುಶಾಂತನ ತಾಯಿ ಗುರುಬಾಯಿ ಪ್ರತಿಯೊಂದಕ್ಕೂ "ಹೌದ್ರಿ, ಹೌದ್ರಿ" ಎಂದು ಗೋಣು ಹಾಕಿದಳು.

ಭಾಗ್ಯಜ್ಯೋತಿ ಅವಲಕ್ಕಿಯ ತಾಟು ಇಟ್ಟು, ಎಲ್ಲರ ಎದುರಿಗೇ ಹೇಳಿಬಿಟ್ಟಳು.

"ಮಾಮಾ, ನಂದೊಂದು ಮಾತದ. ನಾ ಇವರ ಸಂಗಟ ಫೋನಿನ್ಯಾಗ ಒಮ್ಮೆ ಪೂರಾ ಮಾತಾಡ್ತೇನಿ. ನಡುವ ಕಟ್ ಆಗಬಾರ್ದು. ಆಮ್ಯಾಲ ಹೂಂ ಅಂತೇನೋ ಊಂಹೂಂ ಅಂತೇನೋ ಹೇಳ್ತೇನಿ."

ಆ ಮಾತಿನ ಹಿಂದೆ ಒಂದು ನೋವಿತ್ತು. ಹೋದ ವರ್ಷ ಅವಳಿಗೆ ಒಂದು ಸಂಬಂಧ ಗಟ್ಟಿಯಾಗಿ, ಎರಡೂ ಕಡೆಯವರು ಸಕ್ಕರೆ ತಿಂದು ಬಾಯಿ ಸಿಹಿ ಮಾಡಿಕೊಂಡಿದ್ದರು. ಆ ಹುಡುಗ ಒಂದು ದಿನ ಅರ್ಧ ಮಾತಿಗೆ ಫೋನು ಕಟ್ ಮಾಡಿದವನು ಮತ್ತೆ ಎತ್ತಲೇ ಇಲ್ಲ. ಆಮೇಲೆ ತಿಳಿಯಿತು, ಅವನಿಗೆ ಬೇರೆ ಕಡೆ ಮದುವೆ ಗೊತ್ತಾಗಿತ್ತು. ಅಂದಿನಿಂದ ಫೋನು ನಡುವೆ ಕಟ್ಟಾದರೆ ಅವಳ ಎದೆ ಝಲ್ ಎನ್ನುತ್ತದೆ. ಇದನ್ನು ಹೊರಡುವಾಗ ದತ್ತಪ್ಪನವರೇ ಗುರುಶಾಂತನ ಕಿವಿಯಲ್ಲಿ ಹೇಳಿದರು. ಜತೆಗೆ ಇನ್ನೊಂದನ್ನೂ ಹೇಳಿದರು: ಅಫಜಲಪುರದ ಒಂದು ಸಂಬಂಧವೂ ಕಾಯುತ್ತಿದೆ, ಬರುವ ಸೋಮವಾರ ಸಂಜೆ ಅವರು ಸಕ್ಕರೆ ಹಿಡಿದುಕೊಂಡೇ ಬರುತ್ತಾರೆ, ಅಷ್ಟರೊಳಗೆ ಇದು ಮುಗಿಯಬೇಕು.

ಗುರುಶಾಂತ ಆ ಕಿವಿಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡ. ಉಳಿದರ್ಧ ಕಿವಿ ಒಳಗೆ ತಾಟು ತೊಳೆಯುತ್ತಿದ್ದವಳ ಬಳೆ ಸದ್ದಿನ ಕಡೆಗಿತ್ತು. ಹೇಗೋ ಏನೋ, ಹುಡುಗಿ ಅವನ ತಲೆಯೊಳಗೆ ಮನೆ ಮಾಡಿ ಕುಳಿತಿದ್ದಳು. ದಾರಿಯುದ್ದಕ್ಕೂ ಜೀಪಿನಲ್ಲಿ ತನ್ನಷ್ಟಕ್ಕೇ ನಗುತ್ತ ಬಂದ.

"ಏನ್ ನಗಾಕತ್ತೀಯೋ ಖೋಡಿ?" ಎಂದಳು ಗುರುಬಾಯಿ.

"ಏನಿಲ್ಲೇಳ್ ಬೇ, ಗಾಳಿ ಬಡೀಲಾಕತ್ತದ."

ಫೋನಿನಲ್ಲಿ ಪೂರಾ ಮಾತಾಡಬೇಕಾದರೆ ಫೋನು ಗಟ್ಟಿ ಇರಬೇಕಲ್ಲ? ಅವನ ಹಳೆಯ ಫೋನಿನ ಗಾಜು ಒಡೆದು ಬೆರಳಿಗೆ ಚುಚ್ಚುತ್ತಿತ್ತು. ಮರುದಿನವೇ ಆಳಂದದ ಜಾವೀದನ ಮೊಬೈಲ್ ಅಂಗಡಿಗೆ ಹೋದ. ಆ ಅಂಗಡಿಯ ನೆತ್ತಿಯ ಮೇಲೆ ಅಂಗಡಿಗಿಂತ ದೊಡ್ಡ ಫ್ಲೆಕ್ಸು. ಹಿಮ ಬಿದ್ದ ಗುಡ್ಡದ ತುದಿಯಲ್ಲಿ ಒಬ್ಬ ಗಂಡಸು ಫೋನು ಹಿಡಿದು ಹಲ್ಲು ಕಿರಿಯುತ್ತಿದ್ದಾನೆ. ಕೆಳಗೆ ಮೊಳದುದ್ದದ ಅಕ್ಷರ: 'ಒಮ್ಮೆ ಚಾರ್ಜ್ ಮಾಡಿ, ಎರಡು ದಿನ ಮರೆತುಬಿಡಿ!' ಇದನ್ನು ಓದಿ ಗುರುಶಾಂತನಿಗೆ ಎಂಥ ಸಂತೋಷವಾಯಿತೆಂದರೆ, ಜನ್ಮವಿಡೀ ಇಳಿಜಾರು ಹುಡುಕಿದವನಿಗೆ ಯಾರೋ ಬಂದು 'ಇನ್ನು ಸಮತಟ್ಟಿನ ಮೇಲೇ ನಿಲ್ಲಿಸಪ್ಪಾ' ಎಂದ ಹಾಗಾಯಿತು. ಕಬ್ಬು ಸಾಗಿಸಿ ಕೂಡಿಟ್ಟಿದ್ದ ದುಡ್ಡನ್ನು ಮುಂದೆ ಸುರಿದು ಫೋನು ತಂದ.

ಮೊದಲ ಕರೆ ಹೊಲದ ಬದುವಿನ ಮೇಲಿನಿಂದ ಹೋಯಿತು.

"ಹಲೋ, ನಾನ್ರಿ, ಸರಸಂಬಾ ಗುರುಶಾಂತ."

"ಹೇಳ್ರಿ."

ಹೇಳಬೇಕೆಂದು ಹೊಂದಿಸಿಕೊಂಡಿದ್ದೆಲ್ಲ ಮರೆತೇ ಹೋಯಿತು. "ಏನಿಲ್ರಿ... ಊಟ ಆತ್ರಿ?"

"ಆತ್ರಿ. ನಿಮ್ದು?"

"ನಂದೂ..." ಎನ್ನುವುದಕ್ಕೂ ಫೋನಿನ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಸ್ವಲ್ಪ ಮೊದಲು ನೋಡಿದಾಗ ಮೂವತ್ತು ಪರ್ಸೆಂಟು ತೋರಿಸುತ್ತಿದ್ದ ಫೋನು! ಗುರುಶಾಂತ ಉಂಡನೋ ಇಲ್ಲವೋ ಎಂಬ ಸಂಗತಿ ಜೇವರ್ಗಿಗೆ ತಿಳಿಯಲೇ ಇಲ್ಲ. ಮನೆಗೆ ಓಡಿ, ಚಾರ್ಜಿಗೆ ಹಾಕಿ, ಜೀವ ಬಂದ ಮೇಲೆ ಮತ್ತೆ ಹಚ್ಚಿದರೆ, ಅವಳ ಫೋನು ಸ್ವಿಚ್ ಆಫ್ ಆಗಿದೆ ಎಂದು ಆ ಫೋನಿನೊಳಗಿನ ಹೆಂಗಸು ಹೇಳಿದಳು. ಸಿಟ್ಟಿನಲ್ಲಿ ಆರಿಸಿಟ್ಟಿದ್ದಾಳೆ ಎಂದುಕೊಂಡ ಗುರುಶಾಂತ.

ಎರಡನೆಯ ಸಲ ಫೋನನ್ನು ಚಾರ್ಜಿಗೆ ಹಾಕಿಕೊಂಡೇ ಮಾತಿಗೆ ಕುಳಿತ. ಆದರೆ ಆ ಮನೆಗೆಲ್ಲ ಇರುವುದು ಒಂದೇ ಪ್ಲಗ್ಗು, ಅದೂ ನಡುಮನೆಯಲ್ಲಿ, ಗುರುಬಾಯಿಯ ಮಂಚದ ಪಕ್ಕಕ್ಕೆ. ಮುದುಕಿ ಮಗ್ಗುಲು ಬದಲಿಸಿ ತಲೆಗೆ ಕೈ ಕೊಟ್ಟು ಕೇಳತೊಡಗಿದಳು.

"ರೊಟ್ಟಿ ತೆಳ್ಳಗ ಬಡೀಲಾಕ ಬರ್ತದೇನ್ ಕೇಳ್," ಎಂದಳು.

"ಸುಮ್ನಿರ್ ಬೇ."

"ಯಾರಿಗೆ ಸುಮ್ನಿರ್ ಅಂದ್ರಿ?" ಎಂದಿತು ಜೇವರ್ಗಿ.

"ನಿಮಗಲ್ರಿ! ಯಪ್ಪಾ, ನಿಮಗಲ್ಲ!" ಎಂದು ಗಾಬರಿಯಲ್ಲಿ ಎದ್ದ ಭರಕ್ಕೆ ವೈರು ಕಿತ್ತು ಬಂತು. ಫೋನು ಒಂದು ಉಸಿರು ಎಳೆದು ಕಣ್ಣು ಮುಚ್ಚಿತು.

ಮೂರನೆಯ ಸಲ ಟ್ರ್ಯಾಕ್ಟರು ಚಾಲೂ ಇಟ್ಟು, ಅದರ ಬ್ಯಾಟರಿಗೆ ಫೋನಿನ ವೈರು ಸಿಕ್ಕಿಸಿ ಮಾತಾಡಿದ. ಫೋನೇನೋ ಸಾಯಲಿಲ್ಲ. ಆದರೆ ಢಬ್ ಢಬ್ ಸದ್ದಿನಲ್ಲಿ ಅವನು ಪ್ರೀತಿಯಿಂದ ಹೇಳಬೇಕೆಂದಿದ್ದನ್ನೆಲ್ಲ ಕಿರುಚಿ ಹೇಳಬೇಕಾಯಿತು. "ಸಿಟ್ಟಂದ್ರ ಏನಂತ ಗೊತ್ತಿಲ್ಲ ಅಂದಿದ್ರಲ್ಲ ನಮ್ಮ ಮಾಮಾ?" ಎಂದು ಕೇಳಿ ಆಕೆಯೇ ಇಟ್ಟುಬಿಟ್ಟಳು.

ಗುರುಶಾಂತ ಮೈಯೆಲ್ಲ ಬೆಂಕಿಯಾಗಿ ಆಳಂದಕ್ಕೆ ಬಂದ. ಸಿಟ್ಟಿನಲ್ಲೂ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಲಿಲ್ಲ.

"ಜಾವೀದ ಭಾಯಿ, ಏನಿದು? ಎರಡು ದಿನ ಅಂದಿದ್ರಿ. ಎರಡು ಮಾತಿಗೂ ಬರವಲ್ದು!"

ಜಾವೀದ ಸಮಾಧಾನದ ಮನುಷ್ಯ. ದಿನಕ್ಕೆ ಇಂಥ ಎಷ್ಟೋ ಬೆಂಕಿಗಳನ್ನು ಕಂಡವನು. "ಗುರು ಭಾಯಿ, ಫ್ಲೆಕ್ಸ್ ಪೂರಾ ಓದೀರೇನು?"

"ಓದೇನಿ. ಮರೆತುಬಿಡಿ ಅಂತದ."

"ಅದರ ಕೆಳಗ ಸಣ್ಣ ಅಕ್ಷರ ಅವ. ಅವನ್ನ ಓದ್ರಿ."

ಸಣ್ಣ ಅಕ್ಷರಗಳೆಂದರೆ ಇರುವೆ ಸಾಲು. ಜಾವೀದ ಸ್ಟೂಲು ತಂದ. ಗುರುಶಾಂತ ಹತ್ತಿದ. ಸಾಲದೆ, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ. ಬಸ್ಸಿಗೆ ಕಾಯುತ್ತಿದ್ದ ಜನ, ಇವನೇನು ಫ್ಲೆಕ್ಸಿನವನಿಗೆ ಮುತ್ತು ಕೊಡುತ್ತಾನೋ ಹೇಗೆ ಎಂದು ಕೂಡಿದರು. ಅವನು ಎಲ್ಲರಿಗೂ ಕೇಳುವ ಹಾಗೆ ಓದಿದ: "ಫೋನನ್ನು ಬಳಸದೆ, ಪರದೆ ಆರಿಸಿ, ತಂಪಾದ ಕೋಣೆಯಲ್ಲಿ ಇಟ್ಟಾಗ ಮಾತ್ರ."

ನೋಡುತ್ತಿದ್ದವರು ಗೊಳ್ಳೆಂದರು. ಗುರುಶಾಂತ ಸ್ಟೂಲಿನ ಮೇಲಿನಿಂದಲೇ ಕೂಗಿದ. "ಬಳಸಲಾರದೆ ಇಟ್ರ ನಮ್ಮವ್ವನ ಟಾರ್ಚೂ ಎರಡು ದಿನ ಬರ್ತದ್ರಿ! ಆಳಂದದಾಗ ತಂಪು ಕೋಣಿ ಎಲ್ಲದ? ಇದ್ರ ತೋರಿಸ್ರಿ, ನಾನೇ ಹೋಗಿ ಮಲಗ್ತೇನಿ!"

"ನನಗ್ಯಾಕ ಬೈತೀರಿ ಭಾಯಿ? ನಂದೂ ಅದೇ ಹಾಲತ್," ಎಂದು ಜಾವೀದ ತನ್ನ ಫೋನು ಎತ್ತಿ ತೋರಿಸಿದ. ಅದಕ್ಕೆ ವೈರು, ವೈರಿಗೆ ಪವರ್ ಬ್ಯಾಂಕು, ಪವರ್ ಬ್ಯಾಂಕಿಗೆ ಇನ್ನೊಂದು ವೈರು. ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಹಾಗಿತ್ತು. ಗುರುಶಾಂತನಿಗೆ ಸಿಟ್ಟು ಹೋಗಿ ನಗು ಬಂತು. ಸ್ಟೂಲಿನಿಂದ ಇಳಿದು, ಅಂಗಡಿಯಲ್ಲೇ ಒಂದಿಷ್ಟು ಚಾರ್ಜು ಮಾಡಿಸಿಕೊಂಡು, ಅಲ್ಲಿಂದಲೇ ಜೇವರ್ಗಿಗೆ ಹಚ್ಚಿ ಈ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ಭಾಗ್ಯಜ್ಯೋತಿ ನಕ್ಕಳು. ಅವಳು ನಕ್ಕದ್ದನ್ನು ಅವನು ಕೇಳಿದ್ದು ಅದೇ ಮೊದಲು. ಅಯ್ಯೋ ದೇವರೇ, ಅದು ನಗುವೇ! ಒಂದು ಸಲ ಶುರುವಾದರೆ ಮೂಗಿನಿಂದ ಸೊರ್ ಎಂದು ಸದ್ದು ಬರುವವರೆಗೂ ನಿಲ್ಲದಂಥದು. ಗುರುಶಾಂತ ಅಂಗಡಿಯ ಕಂಬ ಹಿಡಿದುಕೊಂಡ.

ನಗು ನಿಂತ ಮೇಲೆ ಅವಳ ದನಿ ಬದಲಾಯಿತು. "ಒಂದು ಮಾತು ಕೇಳ್ರಿ. ದತ್ತಪ್ಪ ಮಾಮಾ ನಿಮ್ಮ ಫ್ಲೆಕ್ಸ್ ಓದಿ ಹೇಳ್ಯಾರ. ಟ್ರ್ಯಾಕ್ಟರ್ ಫಸ್ಟ್ ಕ್ಲಾಸು, ಪಿಯುಸಿ ಪಾಸು, ಎಲ್ಲಾ ಕೇಳೇನಿ. ಮೊದಲ್ನೇದವಂದೂ ಫ್ಲೆಕ್ಸ್ ಭಾಳ ಛಂದಿತ್ತು. ನಿಮ್ಮ ಕೆಳಗಿನ ಸಣ್ಣ ಅಕ್ಷರ ನೀವೇ ಓದಿ ಹೇಳ್ರಿ. ಅಷ್ಟ ಸಾಕು ನನಗ. ಸೋಮವಾರ ಮಧ್ಯಾಹ್ನ ಫೋನ್ ಹಚ್ರಿ. ಸಂಜಿಗೆ ಆ ಮಂದಿ ಬರ್ತಾರ. ಅವತ್ತೂ ಕಟ್ ಆದ್ರ..."

ಆದ್ರ ಏನು? ಫೋನು ಅಷ್ಟಕ್ಕೇ ಸತ್ತಿತು. ಗುರುಶಾಂತ ಕಪ್ಪು ಗಾಜಿನಲ್ಲಿ ತನ್ನದೇ ಮುಖ ನೋಡಿಕೊಂಡ. ಆ ಮುಖದ ಮೇಲೆ ನಗು ಇರಲಿಲ್ಲ.

ಸೋಮವಾರ ಬಂತು. ಕಬ್ಬಿನ ಹಂಗಾಮು ಯಾರ ಮದುವೆಗೂ ಕಾಯುವುದಿಲ್ಲ. ಎರಡು ಟ್ರ್ಯಾಲಿ ತುಂಬ ಕಬ್ಬು ಹೇರಿಕೊಂಡು ಗುರುಶಾಂತ ಬೆಳಿಗ್ಗೆಯೇ ಭೂಸನೂರಿನ ಕಾರ್ಖಾನೆಯ ಯಾರ್ಡಿಗೆ ಬಂದು ಸಾಲು ಹಿಡಿದ. ಅಲ್ಲಿ ಸಾಲೆಂದರೆ ಸಾಲು. ಮೈಕಿನಲ್ಲಿ ನಂಬರು ಕೂಗಿದಾಗ ತೂಕದ ಕಾಟಾಕ್ಕೆ ಹೋಗಬೇಕು, ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ. ಯಾರ್ಡಿನ ನೆಲವಾದರೋ ರೊಟ್ಟಿ ಬಡಿದಷ್ಟು ಚಪ್ಪಟೆ, ಹುಡುಕಿದರೂ ಇಳಿಜಾರಿಲ್ಲ. ಅದಕ್ಕೆಂದೇ ಹಿಂದಿನ ದಿನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಆಳಂದದಲ್ಲಿ ಚಾರ್ಜು ಮಾಡಿಸಿ ತಂದಿದ್ದ. ಒಮ್ಮೆ ಶುರುಮಾಡುವಷ್ಟು ಶಕ್ತಿ ಅದರಲ್ಲಿತ್ತು.

ಇಲ್ಲೇ ಅವನು ತಪ್ಪು ಮಾಡಿದ್ದು. ಮಧ್ಯಾಹ್ನದ ಮಾತಿಗೆ ಫೋನು ತುಂಬಿರಲಿ ಎಂದು, ಎಂಜಿನ್ನು ಆರಿಸಿದ ಟ್ರ್ಯಾಕ್ಟರಿನ ಅದೇ ಬ್ಯಾಟರಿಗೆ ವೈರು ಸಿಕ್ಕಿಸಿ, ಹೊದಿಕೆ ಹೊದಿಸಿಟ್ಟ. ಫೋನು ಬೆಳಗಿನಿಂದ ಅದನ್ನು ಹೀರುತ್ತ ಕುಳಿತಿತು. ನೂರು ತೋರಿಸಿದ ಕೂಡಲೇ ಗುರುಶಾಂತ ಅದನ್ನು ಹಣೆಗೆ ಒತ್ತಿಕೊಂಡು, ಚನ್ನಬಸವಣ್ಣನನ್ನು ನೆನೆದು, ಫೋನು ಹಚ್ಚಿದ.

"ಹೇಳ್ರಿ," ಎಂದಳು ಭಾಗ್ಯಜ್ಯೋತಿ. "ಓದ್ರಿ."

"ಓದ್ತೇನಿ. ಪಿಯುಸಿ ಪಾಸಂತ ಹೇಳ್ಯಾರಲ್ಲ, ಇಂಗ್ಲಿಷಿನ್ಯಾಗ ಕುಂತದ್ದೆಷ್ಟು ಸಲ ಕೇಳಬ್ಯಾಡ್ರಿ, ಒಮ್ಮಿನೂ ಪಾಸ್ ಆಗಿಲ್ಲ. ನಿಮ್ಮನ್ನ ನೋಡಾಕ ಬಂದಾಗ ಹಾಕ್ಕೊಂಡಿದ್ದ ಅಂಗಿ ನಂದಲ್ಲ, ನಮ್ಮ ಕಾಕಾನ ಮಗಂದು. ಹಲ್ಲಿ ಕಂಡ್ರ ಮಂಚ ಹತ್ತಿ ನಿಲ್ತೇನಿ. ಇನ್ನ ಟ್ರ್ಯಾಕ್ಟರ್..."

ನೂರಿದ್ದ ಫೋನು ನಲವತ್ತಕ್ಕೆ ಬಂದು, ನಲವತ್ತರಿಂದ ಒಮ್ಮೆಲೇ ಕತ್ತಲಿಗೆ ಹಾರಿತು.

ಗುರುಶಾಂತ ಹೊಯ್ಕೊಂಡ. ಆ ಕೂಗಿಗೆ ಹಿಂದಿನ ಟ್ರ್ಯಾಕ್ಟರಿನ ಕೆಳಗೆ ನೆರಳಿಗೆ ಮಲಗಿದ್ದ ಅಬ್ದುಲ್ ಗನಿ ಎದ್ದು ತಲೆ ಬಡಿಸಿಕೊಂಡ. ಗನಿ ಚಾಚಾ ಆ ಯಾರ್ಡಿನ ಹಳಬ, ಬಿಳಿ ಗಡ್ಡದವನು. ಸಂಗತಿ ಕೇಳಿದವನೇ ಸಾಲಿನ ಉದ್ದಕ್ಕೂ ಕೂಗಿದ: "ಅರೇ, ಯಾರ ಫೋನಿನ್ಯಾಗ ಜಾನ್ ಅದ, ತರ್ರಿ ಜಲ್ದಿ! ನಮ್ಮ ಗುರೂನ ಶಾದಿ ನಡುವ ಸಿಕ್ಕೊಂಡದ!"

ಅವಳ ನಂಬರು ಗುರುಶಾಂತನಿಗೆ ಬಾಯಿಪಾಠವಾಗಿತ್ತು. ಇಷ್ಟು ಸಲ ಫೋನು ಸತ್ತರೆ ಯಾರಿಗಾದರೂ ಬಾಯಿಪಾಠವಾಗುತ್ತದೆ. ಒಬ್ಬ ಡ್ರೈವರು ತನ್ನ ಫೋನು ಕೊಟ್ಟ. ಅದರಲ್ಲಿ ಟ್ರ್ಯಾಕ್ಟರಿನ ಇಳಿಜಾರಿನ ಕಥೆ ಅರ್ಧವಾಯಿತು. ಇನ್ನೊಬ್ಬ ಕೊಟ್ಟ. ಅದರಲ್ಲಿ ಮುಕ್ಕಾಲಾಯಿತು. ಯಾರ ಫೋನೂ ಒಂದು ಕಥೆ ದಾಟಿಸುವಷ್ಟು ಬಾಳಲಿಲ್ಲ. ಎಲ್ಲವೂ ಎರಡು ದಿನ ಬರುವ ಫೋನುಗಳೇ. ಆ ಕಡೆ ಭಾಗ್ಯಜ್ಯೋತಿ ಪ್ರತಿ ಹೊಸ ನಂಬರಿಗೂ "ಹೂಂ, ಮುಂದ?" ಎನ್ನುತ್ತ ಎತ್ತುತ್ತಿದ್ದಳು. ಇಟ್ಟುಬಿಡಲಿಲ್ಲ. ಅದೊಂದೇ ಗುರುಶಾಂತನ ಜೀವ ಹಿಡಿದಿತ್ತು.

ಕಡೆಗೆ ಗನಿ ಚಾಚಾ ತನ್ನ ಗುಂಡಿ ಒತ್ತುವ ಹಳೆಯ ಫೋನು ತೆಗೆದ. "ಇದು ಸಾಯೂದಿಲ್ಲ ಬೇಟಾ. ಖರೇ, ಕಿವಿಗೆ ಕೇಳೂದಿಲ್ಲ, ಸ್ಪೀಕರಿನ್ಯಾಗ ಮಾತ್ರ ಕೇಳ್ತದ."

ಸ್ಪೀಕರು ಎಂದರೆ ಎಂಥ ಸ್ಪೀಕರು! ಸಾಲಿನ ಅರ್ಧ ಡ್ರೈವರುಗಳು ಕಬ್ಬು ಸಿಗಿಯುತ್ತ ಸುತ್ತ ಕುಳಿತರು.

"ಅಂದ್ರ," ಎಂದಿತು ಗುಂಡಿ ಫೋನಿನಿಂದ ಭಾಗ್ಯಜ್ಯೋತಿಯ ದನಿ, "ಮದುವಿ ಮನಿಗೆ ನೀವು ಮೊದಲು ಹೋಗೂದು ಶಿಸ್ತಿಗಲ್ಲ, ಇಳಿಜಾರಿಗೆ?"

"ಹೌದ್ರಿ. ಬೀಗರ ಮನಿಗೆ ಹೋದ್ರೂ ಅಷ್ಟ. ಇಳಿಜಾರ ಇರಲಾರದ ಊರಿಗೆ ನಾ ಹೋಗಂಗೇ ಇಲ್ಲ."

ಫೋನಿನಿಂದ ಆ ನಗು ಬಂತು, ಸೊರ್ ಎಂಬುದರ ಸಮೇತ. ಯಾರ್ಡೇ ನಕ್ಕಿತು.

"ಗೊರಕಿ ಹೊಡೀತಾನ್ರಿ ತಂಗಿ!" ಎಂದ ಒಬ್ಬ. "ಹಾಡ್ತಾನ್ರಿ, ಎತ್ತು ಬೆದರ್ತಾವ!" ಎಂದ ಇನ್ನೊಬ್ಬ.

"ಅವರೆಲ್ಲ ಯಾರ್ರಿ?"

"ನನ್ನ ಸಣ್ಣ ಅಕ್ಷರಗಳ್ರಿ," ಎಂದ ಗುರುಶಾಂತ. ಮುಚ್ಚಿಡುವುದು ಇನ್ನೇನು ಉಳಿದಿತ್ತು?

ಅವಳು ಕೇಳಿದಳು. "ನಂದೊಂದ ಕೇಳೂದದ. ನನ್ನ ಮಷಿನ್ನು... ಮದುವಿ ಆದ ಮ್ಯಾಲ ಅದರ ಗತಿ ಏನು?"

ಸರಿಯಾಗಿ ಆಗಲೇ ಮೈಕು ಕೂಗಿತು. ಗುರುಶಾಂತನ ನಂಬರು! ಹಾರಿ ಸೀಟಿಗೆ ಕುಳಿತು ಕೀಲಿ ತಿರುವಿದ. 'ಟಿಕ್.' ಫೋನು ಟ್ರ್ಯಾಕ್ಟರಿನ ರಕ್ತ ಕುಡಿದು ತಾನೂ ಸತ್ತಿತ್ತು. ಮೈಕು ಮತ್ತೆ ಕೂಗಿತು.

"ಟ್ರ್ಯಾಲಿ ಬಿಡಿಸ್ರಲೇ!" ಎಂದ ಗನಿ. ಯಾರೋ ಪಿನ್ನು ಕಿತ್ತರು. ಗಡ್ಡದವರು, ಮೀಸೆಯವರು, ಚಹಾ ಮಾರುವವನು, ಎಲ್ಲ ಸೇರಿ ಬರೀ ಟ್ರ್ಯಾಕ್ಟರಿಗೆ ಹೆಗಲು ಕೊಟ್ಟು ತಳ್ಳಿದರು. ಗುರುಶಾಂತ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಗುಂಡಿ ಫೋನು ಹಿಡಿದು, "ಇಡಬ್ಯಾಡ್ರಿ! ಇಡಬ್ಯಾಡ್ರಿ, ಹೇಳ್ತೇನಿ!" ಎಂದು ಕೂಗುತ್ತಲೇ ಯಾರ್ಡಿನಲ್ಲಿ ಮೆರವಣಿಗೆ ಹೋದ. ಢಬ್ ಢಬ್ ಢಬ್! ಜನ ಸಿಳ್ಳೆ ಹೊಡೆದರು. ಟ್ರ್ಯಾಲಿ ಮತ್ತೆ ಸಿಕ್ಕಿಸಿ, ನಂಬರು ತಪ್ಪುವ ಮೊದಲೇ ಕಾಟಾದ ಮೇಲೆ ಗಾಡಿ ನಿಲ್ಲಿಸಿಬಿಟ್ಟ.

ಎಂಜಿನ್ನು ಆರಿಸುವಂತಿಲ್ಲ. ಸದ್ದಿನಲ್ಲಿ ಆ ಕಡೆಯ ದನಿ ಕೇಳುವಂತಿಲ್ಲ. ಅವನು ಫೋನನ್ನು ಬಾಯಿಗೆ ಹಿಡಿದು, ಸದ್ದಿನ ಮೇಲೆ ತನ್ನ ದನಿ ಎತ್ತಿ, ಎಲ್ಲವನ್ನೂ ಹೇಳಿದ.

"ಕೇಳ್ರಿ! ನಮ್ಮ ಮನ್ಯಾಗ ಪ್ಲಗ್ ಒಂದೇ ಅದ! ಅವ್ವನ ಮಂಚ ಆ ಕಡಿ ಸರಸ್ತೇನಿ, ನಿಮ್ಮ ಮಷಿನ್ ಅಲ್ಲೇ ಇಡ್ರಿ! ಆ ಪ್ಲಗ್ ಇನ್ನ ಮ್ಯಾಲ ನಿಮ್ಮ ಮಷಿನ್ನಿಗೇ! ನನ್ನ ಫೋನ್ ಸತ್ರ ಸಾಯ್ಲಿ! ಫೋನ್ ಕಟ್ ಆಗ್ತದ್ರಿ, ದಿನಾ ಆಗ್ತದ. ನಾ ಕಟ್ ಆಗಂಗಿಲ್ಲ! ಇಷ್ಟ ನೋಡ್ರಿ ನನ್ನ ಹತ್ರ ಇರೂದು!"

ಫೋನನ್ನು ಕಣ್ಣೆದುರಿಗೆ ತಂದ. ಕರೆ ಯಾವಾಗಲೋ ಕಟ್ಟಾಗಿತ್ತು.

ಗನಿಯ ಫೋನಿನಲ್ಲಿ ಬ್ಯಾಟರಿಯ ಗೆರೆಗಳು ತುಂಬಿ ನಿಂತಿದ್ದವು. ಅಂದರೆ ಈ ಕಡೆಯಿಂದ ಕಟ್ಟಾದದ್ದಲ್ಲ. ಮತ್ತೆ ಹಚ್ಚಿದ. ಸ್ವಿಚ್ ಆಫ್. ಇನ್ನೊಮ್ಮೆ ಹಚ್ಚಿದ. ಸ್ವಿಚ್ ಆಫ್. ಇಂಗ್ಲಿಷು, ಹಲ್ಲಿ, ಅಂಗಿ, ಇಳಿಜಾರು, ಎಲ್ಲ ಕೇಳಿ, ನಕ್ಕು, ಇಟ್ಟುಬಿಟ್ಟಳು. ಸಂಜೆಗೆ ಅಫಜಲಪುರದವರು ಬರುತ್ತಾರೆ. ಅವರ ಟ್ರ್ಯಾಕ್ಟರು ಸಮತಟ್ಟಿನ ಮೇಲೇ ಶುರುವಾಗುತ್ತದೆಯೋ ಏನೋ.

"ತೂಕ ಆತಲ್ಲೋ, ಇಳೀಯೋ ಮಾರಾಯಾ!" ಎಂದು ಕಾಟಾದ ಗುಮಾಸ್ತ ಕಿಟಕಿಯಿಂದ ಕೂಗಿದ. ಗುರುಶಾಂತ ಗಾಡಿ ಇಳಿಸಿ, ಬದಿಗೆ ಹಚ್ಚಿ, ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಗನಿ ಚಾಚಾ ಬಂದು, ಬೇಕಾದರೆ ಮತ್ತೆ ತಳ್ಳಿದರಾಯಿತೆಂದು ಎಂಜಿನ್ನು ಆರಿಸಿ, ಅವನ ಬೆನ್ನ ಮೇಲೆ ಕೈಯಿಟ್ಟ.

ಗುಂಡಿ ಫೋನು ಕುಣಿಯಿತು. ಗೊತ್ತಿಲ್ಲದ ನಂಬರು. ಗನಿಯೇ ಒತ್ತಿದ.

"ಹಲೋ! ಹಲೋ, ಇಟ್ಟೀರೇನ್ರಿ? ನಾ ಭಾಗ್ಯಜ್ಯೋತಿ. ಬಾಜೂ ಅಂಗಡಿ ಜಸ್ಮೀನ ಆಪಾನ ಫೋನಿನ್ಯಾಗಿಂದ ಮಾತಾಡಾಕತ್ತೇನಿ. ನೀವು ಹಚ್ಚಿದ ನಂಬರೆಲ್ಲ ಗ್ವಾಡಿ ಮ್ಯಾಲ ಬರಕೊಂಡಿದ್ದೆ." ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. "ನನ್ನ ಸಣ್ಣ ಅಕ್ಷರನೂ ಕೇಳ್ರಿ. ನಂದೂ ಅದೇ ಫೋನು!"

"ಅಂದ್ರ?"

"ಅದೇ ಗುಡ್ಡದ ಮ್ಯಾಲಿನವ, ಎರಡು ದಿನ ಮರೆತುಬಿಡಿ! ಎಲ್ಲಾರ ಮುಂದ ದೊಡ್ಡಸ್ತನ ಮಾಡಿ ತಗೊಂಡಿದ್ದೆ, ಮರ್ಯಾದಿಗಂಜಿ ಯಾರಿಗೂ ಹೇಳಿಲ್ಲ. ಆವತ್ತು ಸ್ವಿಚ್ ಆಫ್ ಆದದ್ದೂ ಸಿಟ್ಟಿಗಲ್ಲ, ಸತ್ತಿತ್ತು. ಅಂಗಡ್ಯಾಗ ಒಂದೇ ಪ್ಲಗ್ ಅದ. ಇವತ್ತು ಮಷಿನ್ನಿನ ವೈರ್ ಕಿತ್ತು ಫೋನಿನ ವೈರ್ ಹಾಕಿ, ಅದು ಗಿಡ್ಡದು, ಕುಂದ್ರಾಕ ಬರಂಗಿಲ್ಲ, ಗ್ವಾಡಿಗೆ ಆತು ನಿಂತೇ ಮಾತಾಡೇನಿ. ಮದುವಿ ಮಂದಿಯ ಕುಪ್ಪಸ ಎಲ್ಲಾ ಹಂಗೇ ಬಿದ್ದಾವ. ಮಷಿನ್ನಿನ ಗತಿ ಏನಂತ ಕೇಳಿದ್ನಲ್ಲ, ಅಷ್ಟಕ್ಕ ಕರೆಂಟ್ ಹೋತು. ನೀವು ಏನಂದ್ರೋ ಕೇಳಲೇ ಇಲ್ಲ."

ಗುರುಶಾಂತ ಬಾಯಿ ತೆರೆಯುವಷ್ಟರಲ್ಲಿ ಗನಿ ಚಾಚಾ ಫೋನು ತನ್ನ ಕಡೆ ತಿರುಗಿಸಿಕೊಂಡ.

"ಬೇಟಿ, ನೀ ಕೇಳಲಿಲ್ಲ, ಇಡೀ ಭೂಸನೂರ ಕೇಳ್ತು. ಮನ್ಯಾಗಿನ ಒಂದೇ ಪ್ಲಗ್ ನಿನ್ನ ಮಷಿನ್ನಿಗೆ ಅಂದಾನ. ತನ್ನ ಫೋನ್ ಸತ್ರ ಸಾಯ್ಲಿ ಅಂದಾನ. ಫೋನ್ ಕಟ್ ಆದ್ರೂ ತಾ ಕಟ್ ಆಗಂಗಿಲ್ಲ ಅಂದಾನ."

ಮತ್ತೆ ಕಟ್ಟಾಯಿತೇನೋ ಎಂದು ಡ್ರೈವರುಗಳೆಲ್ಲ ಫೋನಿನ ಮೇಲೆ ಬಾಗಿದರು.

"ಗುರುಶಾಂತ ಅವರನ್ನ ಕೇಳ್ರಿ," ಎಂದಿತು ಕಡೆಗೆ ಆ ದನಿ, ಮೆತ್ತಗೆ. "ಸಂಜಿಕಿಂತ ಮೊದಲು ಜೇವರ್ಗಿಗೆ ಬರ್ಲಾಕ ಆಗ್ತದೇನು? ದತ್ತಪ್ಪ ಮಾಮಾಗ ನಾ ಹೇಳ್ತೇನಿ, ಅಫಜಲಪುರದವರಿಗೆ ಬರಬ್ಯಾಡ ಅನ್ನಾಕ. ಆಪಾನ ಅಂಗಡಿಗೆ ಓಡಿ ಬರೂ ಮುಂದ ನಿಂತು ನೋಡೇನಿ. ನಮ್ಮ ಅಂಗಡಿ ಮುಂದ ಇಳಿಜಾರದ್ರಿ. ಸಣ್ಣದದ, ಆದ್ರ ಸಾಕಾಗ್ತದ. ಕಲ್ಲು ನಾ ಹುಡುಕಿ ಇಡ್ತೇನಿ."